ಹೊಡೆಸಿಕೊಳ್ಳುವವನಿಗೆ ಹೆಣ್ಣು ಯಾರು ಕೊಡ್ತಾರೆ?

ಸಿನಿಮಾದಲ್ಲಿ ಏಟು ತಿನ್ನುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಆದರೂ ನಾನು ದಾವಣಗೆರೆ ಬಸ್ಸು ಹತ್ತಿ ಕೂತರೆ, ಪಕ್ಕದ ಸೀಟಿನವರು ತಮ್ಮ ಕೈಚೀಲವನ್ನು ಮೆಲ್ಲಗೆ ಆ ಕಡೆಯ ತೊಡೆಗೆ ಸರಿಸಿಕೊಳ್ಳುವುದು ಮಾತ್ರ ನಿಂತಿಲ್ಲ. ಅವರಿಗೆ ನನ್ನ ಹೆಸರು ಗೊತ್ತಿಲ್ಲ, ಯಾವ ಸಿನಿಮಾ ಅಂತಲೂ ನೆನಪಿಲ್ಲ. ಇವನು ಕಳ್ಳ ಅನ್ನುವುದಷ್ಟೇ ನೆನಪಿದೆ.

ಎಪ್ಪತ್ತು, ಎಂಬತ್ತರ ದಶಕದ ಹಲವು ಕನ್ನಡ ಚಿತ್ರಗಳಲ್ಲಿ ನಾನಿದ್ದೇನೆ. ಹೆಸರು ಹುಡುಕಲು ಹೋಗಬೇಡಿ. ಪರದೆಯ ಮೇಲೆ 'ಮತ್ತು ಇತರರು' ಅಂತ ಬರುತ್ತದಲ್ಲ, ಆ ಇತರರಲ್ಲಿ ನಾನೊಬ್ಬ. ಖಳನಾಯಕನ ಹಿಂದೆ ಪಟ್ಟೆ ಬನಿಯನ್ ಹಾಕಿಕೊಂಡು ನಾಲ್ಕು ಜನ ನಿಂತಿರುತ್ತಾರೆ. ಹೀರೋ ಬಂದ ಕೂಡಲೇ ಅವರಲ್ಲಿ ಮೊದಲು ನುಗ್ಗಿ ಮೊದಲು ಬೀಳುವವನು ನಾನು. ಹೀರೋ ಹೊಡೆದ ಅಂತ ನೀವು ಸೀಟಿ ಹಾಕುತ್ತಿದ್ದಿರಿ. ಅವನ ಕೈ ನನ್ನ ದವಡೆಯಿಂದ ಒಂದು ಗೇಣು ದೂರದಲ್ಲೇ ಹೋಗುತ್ತಿತ್ತು. ನನಗೆ ಬೀಳಲು ಬರುತ್ತಿತ್ತು, ಅದಕ್ಕೇ ಅವನು ಹೀರೋ.

ಅಜ್ಜ ಸತ್ತ ಹಾಗೆ

ನಮ್ಮೂರು ಜಗಳೂರಿನ ಕಡೆಯ ಒಂದು ಸಣ್ಣ ಹಳ್ಳಿ. ಅಲ್ಲಿ ಬಯಲಾಟದ ಪಾತ್ರಗಳು ಹೊಲದ ಹಾಗೆ ಮನೆಮನೆಗೆ ಹಂಚಿಹೋಗಿದ್ದವು. ರಾಮ ಒಂದು ಮನೆಗೆ, ಭಾಗವತಿಕೆ ಇನ್ನೊಂದು ಮನೆಗೆ. ನಮ್ಮ ಮನೆಗೆ ಬಂದದ್ದು ರಕ್ಕಸನ ಪಾತ್ರ. ಅಜ್ಜನ ಕಿರೀಟ, ಭುಜಕೀರ್ತಿ ನಮ್ಮ ಅಟ್ಟದಲ್ಲಿ ದೇವರ ಸಾಮಾನಿನ ಜೊತೆಗೇ ಇರುತ್ತಿದ್ದವು. ಕುರಿ ಕಾಯುವುದು ಹೊಟ್ಟೆಪಾಡಿಗೆ, ರಕ್ಕಸನಾಗುವುದು ಮಾನಮರ್ಯಾದೆಗೆ ಎಂದು ನಂಬಿದ್ದ ಮನೆತನ ನಮ್ಮದು.

ನನ್ನ ಮೊದಲ ಚಿತ್ರ ಜಗಳೂರಿನ ಟೆಂಟಿಗೆ ಬಂದಾಗ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೋಯಿತು. ನಾನು ಪರದೆ ಮೇಲೆ ಬಂದೆ. ಹೀರೋ ಒಂದು ಏಟು ಕೊಟ್ಟ. ನಾನು ಹುಲ್ಲಿನ ಬಣವೆ ಮೇಲಿಂದ ಬಿದ್ದು ಸತ್ತೆ. ಇಷ್ಟಕ್ಕೆ ಒಂದು ಬೀಡಿ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ನಮ್ಮೂರಿನವರು ಮಿಕ್ಕ ಸಿನಿಮಾ ನೋಡದೆ ಎದ್ದು ವಾಪಸು ಗಾಡಿ ಕಟ್ಟಿದರು.

ಮರುದಿನ ಕಟ್ಟೆಯ ಮೇಲೆ ನನ್ನನ್ನು ಕರೆಸಿದರು. ಬಯಲಾಟದಲ್ಲಿ ರಾಮನಾಗುತ್ತಿದ್ದ ಮುದುಕರು ಎದುರಿಗೆ ಕೂತಿದ್ದರು. ಹಲ್ಲೆಲ್ಲ ಉದುರಿದ್ದರೂ ಸಿಟ್ಟು ಉದುರಿರಲಿಲ್ಲ.

"ನಿಮ್ಮಜ್ಜನ್ನ ಮೂವತ್ತು ವರ್ಷ ಕೊಂದೋನು ನಾನು. ಒಂದು ದಿನನಾದ್ರೂ ಸಸಾರಕ್ಕೆ ಸತ್ನೇನೋ ಅವನು? ಒಂದು ಬಾಣ ಬಿಟ್ರೆ ಒಂದು ಪದ ಹಾಡೋನು. ಇನ್ನೊಂದು ಬಿಟ್ರೆ ಕುಣಿಯೋನು. ನನ್ನ ಕೈ ಸೋತು, ಕೋಳಿ ಕೂಗಿ, ಜನ ಚಾಪೆ ಮಡಚಿದ ಮ್ಯಾಲೇ ಬೀಳೋನು. ನೀನು ನೋಡಿದ್ರೆ ಒಂದೇ ಏಟಿಗೆ ಸತ್ಯಲ್ಲೋ!"

"ಸಿನಿಮಾದಾಗೆ ಅಷ್ಟೊಂದು ಟೈಮ್ ಕೊಡಲ್ಲ ಅಜ್ಜಾ," ಅಂದೆ.

ಪಕ್ಕದಲ್ಲಿದ್ದ ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, "ಆ ಡೈರೆಕ್ಟ್ರಿಗೆ ಕೈಮುಗಿದು ಕೇಳ್ಕಳಪ್ಪಾ. ಇನ್ನೊಂದು ನಾಕು ಏಟು ಜಾಸ್ತಿ ಹಾಕ್ಸು. ಮನೆತನದ ಮಾನ ಉಳಿಲಿ," ಅಂದ.

ಮಂಡಕ್ಕಿ ತಿನ್ನುವಾಗ ಸಿಕ್ಕಿಬಿದ್ದದ್ದು

ಮದುವೆಯ ವಯಸ್ಸಾಯಿತು. ಹೊನ್ನಾಳಿ ಹತ್ತಿರದ ಹಳ್ಳಿಯೊಂದರಲ್ಲಿ ಹೆಣ್ಣಿದೆ ಅಂತ ಗೊತ್ತಾಯಿತು. ಹುಡುಗಿಯ ತಂದೆ ನದಿ ದಂಡೆಯಲ್ಲಿ ಭತ್ತ ಬೆಳೆಯುವ ಯಜಮಾನರು, ವಾರಕ್ಕೊಂದು ಸಿನಿಮಾ ತಪ್ಪಿಸದವರು. ಸಂಬಂಧ ತಂದವನು ನನ್ನ ಬಗ್ಗೆ 'ಮದರಾಸಿನಲ್ಲಿ ಆರ್ಟಿಸ್ಟು' ಅಂತಷ್ಟೇ ಹೇಳಿದ್ದ. ಜಾಣ.

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಯಜಮಾನರು ಒಂದು ಮೆಣಸಿನಕಾಯಿಯನ್ನು ಬಾಯಿ ಹತ್ತಿರ ಒಯ್ದವರು ಹಾಗೇ ನಿಲ್ಲಿಸಿ ನನ್ನನ್ನೇ ನೋಡತೊಡಗಿದರು.

"ಹೋದ ತಿಂಗಳು ಹಿಟ್ಟಿನ ಗಿರಣಿಯಾಗೆ ಒದೆಸ್ಕಂಡೋರು ನೀವೇ ಅಲ್ಲೇನ್ರಿ?"

"ಹೌದ್ರಿ."

"ಅದಕ್ಕೂ ಮುಂಚೆ ಒಬ್ಬನ್ನ ಎತ್ತಿ ಬಾವಿಗೆ ಹಾಕಿದ್ರು."

"ಅದೂ ನಾನೇ ರೀ."

ಬಾಗಿಲ ಹಿಂದೆ ಹುಡುಗಿ ನಕ್ಕಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವ ನಗುವಲ್ಲ, ಬಾಯಿತುಂಬ ನಗು. ನಾನು ಆ ನಗುವಿಗೇ ಸೋತುಹೋದೆ. ಮದುವೆಯಾದರೆ ಇವಳನ್ನೇ ಅಂತ ಅಲ್ಲೇ ಮಂಡಕ್ಕಿ ತಟ್ಟೆಯ ಮುಂದೆ ನಿರ್ಧಾರ ಮಾಡಿದೆ. ಯಜಮಾನರು ಮಾತ್ರ ನಗಲಿಲ್ಲ.

"ಹೆಣ್ಣು ಕೊಟ್ಟ ಮ್ಯಾಲೆ ಅಳಿಯ ಏಟು ತಿನ್ನಾದನ್ನ ನಾನು ಟಿಕೆಟ್ ತಗಂಡು ನೋಡಬೇಕೇನ್ರಿ? ಓಣ್ಯಾಗೆ ತಲೆ ಎತ್ಕಂಡು ತಿರುಗಾದು ಹೆಂಗೆ? ಒಂದು ಪಿಕ್ಚರಿನಾಗೆ, ಒಂದೇ ಒಂದು ಪಿಕ್ಚರಿನಾಗೆ, ಏಟು ತಿನ್ನದಂಗೆ, ಸಾಯದಂಗೆ, ಕೊನೇತನಕ ನಿಂತು ತೋರ್ಸ್ರಿ. ಅವತ್ತೇ ವೀಳ್ಯ. ಯುಗಾದಿಗಂಟ ಕಾಯ್ತೀನಿ. ಆಮ್ಯಾಲೆ ಶಿವಮೊಗ್ಗದ ಬ್ಯಾಂಕಿನ ಗಂಡಿಗೆ ಹೂಂ ಅಂತೀನಿ."

ಆಗಲಿ ಅಂತ ಕೈಮುಗಿದು ಎದ್ದೆ. ಹೊರಡುವ ಗಡಿಬಿಡಿಯಲ್ಲಿ ಹೊಸ್ತಿಲು ಎಡವಿ ಅಂಗಳಕ್ಕೆ ಬಿದ್ದೆ. ಹಿಂದಿನಿಂದ ಯಜಮಾನರು ಹೆಂಡತಿಗೆ ಹೇಳುವುದು ಕೇಳಿಸಿತು: "ನೋಡಿದೇನೇ, ಯಾರೂ ಹೊಡಿಲಿಲ್ಲ ಅಂದ್ರೂ ಬೀಳ್ತಾನೆ!"

ಚನ್ನಗಿರಿಯ ಅಡಿಕೆ ರಾಶಿ

ಒಳ್ಳೆಯ ಪಾತ್ರ ಎಲ್ಲಿ ಸಿಗುತ್ತದೆ? ಚನ್ನಗಿರಿಯಲ್ಲಿ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಸಿನಿಮಾ ತೆಗೆಯುತ್ತಾರೆ ಅಂತ ಸುದ್ದಿ ಸಿಕ್ಕಿತು. ಬಸ್ಸಿಳಿದವನೇ ನೇರ ಮಂಡಿಗೆ ಹೋದೆ. ಅಂಗಳದ ತುಂಬ ಅಡಿಕೆ ಹರವಿತ್ತು. ಕಾಯಲು ಕೂತಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಎಲ್ಲೋ ನೋಡೀನಲ್ಲ ನಿನ್ನ."

"ನೋಡಿರ್ತೀರಿ ಅಜ್ಜಿ," ಅಂತ ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಹ್ಞಾಂ! ಗೋಡೌನಿನ ಬೀಗ ಮುರಿದು ಚೀಲ ಹೊತ್ತೋನು! ಬರ್ರಲೇ, ಕಳ್ಳ ಬಂದಾನೆ!"

ಹಮಾಲರು ಬಂದರು, ಪಕ್ಕದ ಮಂಡಿಯವರು ಬಂದರು. ನಾನು ನಟ ಅಂತ ಎಷ್ಟು ಹೇಳಿದರೂ ನಂಬುವವರಿಲ್ಲ. ಕಡೆಗೆ ಸಾಹುಕಾರರೇ ಹೊರಗೆ ಬಂದು ತೀರ್ಪು ಕೊಟ್ಟರು: "ನಟ ಆದ್ರೆ ಬೀಳಾಕೆ ಬರಬೇಕಲ್ಲ? ಬಿದ್ದು ತೋರ್ಸು."

ನನಗೂ ರೋಷ ಬಂತು. ಇಲ್ಲದ ಹೀರೋನ ಇಲ್ಲದ ಏಟಿಗೆ ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು ಬಿದ್ದೆ. ಬಿದ್ದದ್ದು ಚೀಲಕ್ಕೆ ತುಂಬಲು ಗುಡ್ಡೆ ಹಾಕಿದ್ದ ರಾಶಿಯ ಮೇಲೆ. ಅಡಿಕೆ ರಸ್ತೆಯವರೆಗೆ ಉರುಳಿತು. ಜನ ಚಪ್ಪಾಳೆ ತಟ್ಟಿದರು. ಸಾಹುಕಾರರೂ ತಟ್ಟಿದರು.

ರಸ್ತೆಯಿಂದ ಅಡಿಕೆ ಆಯುತ್ತಲೇ ನಾನು ಬಂದ ವಿಷಯ ಹೇಳಿದೆ. ಅವರು ಬೇಸರದಿಂದ ತಲೆ ಆಡಿಸಿದರು. "ಒಳ್ಳೇ ಪಾತ್ರ ಒಂದೂ ಉಳಿದಿಲ್ಲಪ್ಪಾ. ಜಡ್ಜು ನಮ್ಮ ಭಾವ. ಡಾಕ್ಟ್ರು ನಮ್ಮ ಬೀಗರು. ಊರಿನ ಧರ್ಮಿಷ್ಠ ನಾನೇ. ಕಳ್ಳನ ಪಾತ್ರ ಒಂದು ಐತೆ, ನಮ್ಮ ಪೈಕಿ ಯಾರೂ ಒಪ್ಪವಲ್ಲರು. ಎಲ್ರಿಗೂ ವ್ಯಾಪಾರ ಐತೆ ನೋಡು."

ನಾನು ಖಾಲಿ ಕೈಯಲ್ಲಿ ಹೊರಟೆ. ಅಜ್ಜಿ ಮಾತ್ರ ಇನ್ನೂ ಮಣ್ಣಿನಲ್ಲಿ ಅಡಿಕೆ ಹುಡುಕುತ್ತಾ ಗೊಣಗುತ್ತಿದ್ದರು: "ಕಳ್ಳನೇ ಆಗಿದ್ರೆ ಒಂದು ಚೀಲಕ್ಕೆ ಹೋಗ್ತಿತ್ತು. ನಟ ಬಂದು ಮೂರು ಚೀಲ ಚೆಲ್ಲಿದ."

ನ್ಯಾಮತಿಯಲ್ಲಿ ಸ್ವಾಮಿಗಳು

ಆಮೇಲೆ ಒಂದು ಚಿತ್ರದಲ್ಲಿ ನನಗೆ ಸ್ವಾಮಿಗಳ ಪಾತ್ರ ಸಿಕ್ಕಿತು. ಕಾವಿ, ರುದ್ರಾಕ್ಷಿ, ಎದೆವರೆಗೆ ಬಿಳಿ ಗಡ್ಡ. ಮೊದಲ ದಿನ ಎಲ್ಲರಿಗೂ ಆಶೀರ್ವಾದ ಮಾಡುವ ದೃಶ್ಯ ತೆಗೆದರು. ಸ್ವಾಮಿಗಳಿಗೆ ಯಾರು ಹೊಡೆಯುತ್ತಾರೆ? ಅಂದೇ ಇನ್‌ಲ್ಯಾಂಡ್ ಲೆಟರ್ ಬರೆದು ಹೊನ್ನಾಳಿಗೆ ಹಾಕಿದೆ: 'ಚಿತ್ರ ಬರುತ್ತಿದೆ. ತಾವು ಧಾರಾಳವಾಗಿ ನೋಡಬಹುದು.'

ಚಿತ್ರ ಮೊದಲು ಬಂದದ್ದು ನ್ಯಾಮತಿಗೆ. ಅಲ್ಲಿ ಹುಡುಗಿಯ ಸೋದರಮಾವ ಸೈಕಲ್ ಶಾಪ್ ಇಟ್ಟಿದ್ದರು. 'ನೀನೇ ನೋಡಿ ಹೇಳು' ಅಂತ ಯಜಮಾನರು ಅವರಿಗೆ ಒಪ್ಪಿಸಿದರು. ಅವರು ನನ್ನನ್ನೂ ಕರೆಸಿಕೊಂಡು, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಟೆಂಟಿಗೆ ಬಂದರು.

ಪರದೆ ಮೇಲೆ ನಾನು ಬಂದ ಕೂಡಲೇ ಅವರ ತಾಯಿ ಚಪ್ಪಲಿ ಬಿಟ್ಟು ಕೈಮುಗಿದರು. ಸೋದರಮಾವ ನನ್ನ ಬೆನ್ನು ತಟ್ಟಿ, "ಮುಖದಾಗೆ ಏನ್ ಕಳೆ ಐತ್ರಿ!" ಅಂದರು. ನನಗೂ ಕಣ್ಣು ತುಂಬಿತು. ಆದರೆ ಒಂದು ವಿಷಯ ನಾನು ಬಾಯಿಬಿಟ್ಟಿರಲಿಲ್ಲ. ಆಶೀರ್ವಾದದ ದೃಶ್ಯ ಮುಗಿಸಿ ನಾನು ಮದರಾಸಿನಿಂದ ಊರಿಗೆ ಹೊರಟ ಮೇಲೆ ಕಥೆಗಾರರಿಗೆ ಒಂದು ಹೊಸ ಯೋಚನೆ ಬಂದು, ವಾಪಸು ಕರೆಸಿ ಇನ್ನೊಂದು ದೃಶ್ಯ ತೆಗೆದಿದ್ದರು. ಅದನ್ನು ಕತ್ತರಿಸಿರುತ್ತಾರೆ ಅಂತ ನಾನು ದೇವರ ಮೇಲೆ ಭಾರ ಹಾಕಿ ಕೂತಿದ್ದೆ. ಕತ್ತರಿಸಿರಲಿಲ್ಲ. ಹೀರೋ ಮಠದ ಬಾಗಿಲು ಒದ್ದು ಬಂದು ನನ್ನ ಗಡ್ಡಕ್ಕೆ ಕೈ ಹಾಕಿದ. ಗಡ್ಡ ಅವನ ಕೈಗೆ ಬಂತು, ಕಾವಿಯೊಳಗಿಂದ ಚಿನ್ನದ ಬಿಸ್ಕತ್ತು ಉದುರಿತು. ಆಮೇಲೆ ಏಟು. ಈ ಸಲ ಅಪ್ಪ ಆಸೆಪಟ್ಟ ಹಾಗೆ ನಾಲ್ಕು ಜಾಸ್ತಿಯೇ ಇದ್ದವು.

ಮುದುಕಿ ಚಪ್ಪಲಿ ಹಾಕಿಕೊಂಡರು. ಸೋದರಮಾವ ಹೊನ್ನಾಳಿಗೆ ಬರೆದ ಕಾಗದವನ್ನು ಎಷ್ಟೋ ವರ್ಷದ ಮೇಲೆ ನನ್ನ ಕಣ್ಣಾರೆ ನೋಡಿದೆ. ಅದರಲ್ಲಿ ಇದ್ದದ್ದು ಇಷ್ಟೇ: 'ಗಂಡಿಗೆ ಗಡ್ಡವೂ ಸ್ವಂತದ್ದಲ್ಲ.'

ಊರ ಹೆಮ್ಮೆ

ಸನ್ಮಾನವಾದರೆ ಯಜಮಾನರ ಮನಸ್ಸು ಕರಗೀತು ಅಂತ ಅಪ್ಪನಿಗೆ ಹೊಳೆಯಿತು. ಜಗಳೂರಿನಲ್ಲಿ ಒಂದು ಯುವಕ ಸಂಘದವರನ್ನು ಒಪ್ಪಿಸಿದ. ಯಜಮಾನರಿಗೆ ಕರೆಯೋಲೆ ಹೋಯಿತು. ಪಾಪ, ಎರಡು ಬಸ್ಸು ಬದಲಿಸಿ ಬಂದು ಮೊದಲ ಸಾಲಿನಲ್ಲೇ ಕೂತರು.

ಮುಖ್ಯ ಅತಿಥಿಯಾಗಿ ಒಬ್ಬ ಮುಖಂಡರು ಬಂದಿದ್ದರು. ವೇದಿಕೆ ಹತ್ತಿದವರು ನನ್ನ ಪಕ್ಕದ ಕುರ್ಚಿ ನೋಡಿ ಹಿಂದೆ ಸರಿದರು. "ಇವರ ಪಕ್ಕ ಕುಂತ್ರೆ ಜನ ಏನಂದ್ಕಂತಾರ್ರೀ? ಒಂದು ಮರ್ಯಾದೆ ಅಂತ ಇರ್ತೈತೆ," ಅಂದರು. ಕೆಳಗಿನಿಂದ ಯಾರೋ ಕೂಗಿದರು: "ಯಾರ ಮರ್ಯಾದೆ ಅಂತ ಬಿಡಿಸಿ ಹೇಳ್ರಿ!" ಜನ ಹೋ ಅಂತ ನಕ್ಕರು. ಮುಖಂಡರು ಅದೇ ಕುರ್ಚಿಯಲ್ಲಿ ಕೂತರು.

ಆಮೇಲೆ ಸಂಘದ ಅಧ್ಯಕ್ಷರು ನನ್ನನ್ನು ಪರಿಚಯಿಸಿದರು. "ಇವರು ಈವರೆಗೆ ಹದಿನಾಲ್ಕು ಮನೆಗಳಿಗೆ ಬೆಂಕಿ ಇಟ್ಟಿದ್ದಾರೆ. ದೇವಸ್ಥಾನದ ಒಡವೆಯನ್ನೂ ಬಿಟ್ಟಿಲ್ಲ. ಇಷ್ಟೆಲ್ಲ ಮಾಡಿದರೂ ಹುಟ್ಟಿದ ತಾಲ್ಲೂಕನ್ನು ಮರೆತಿಲ್ಲ!" ಭಾರೀ ಚಪ್ಪಾಳೆ ಬಿತ್ತು. ಮುಖಂಡರಂತೂ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಹಾರ ಹಾಕಿಸಿಕೊಂಡು ಇಳಿದು ಬಂದವನು ಯಜಮಾನರ ಮುಂದೆ ನಿಂತೆ. ಅವರು ಹಾರವನ್ನು ಮುಟ್ಟಿ ನೋಡಿದರು.

"ಬದುಕಿದ್ದಾಗ್ಲೇ ಹಾಕ್ಯಾರಲ್ಲ, ಅಷ್ಟು ವಾಸಿ," ಅಂದು ಬಸ್ಸಿಗೆ ಹೋದರು.

ಪೊಲೀಸ್ ಬಂದ್ರು, ಏಳ್ರಿ

ಯುಗಾದಿಗೆ ಇನ್ನು ಕೆಲವೇ ತಿಂಗಳು ಉಳಿದಿದ್ದವು. ಬ್ಯಾಂಕಿನ ಗಂಡು ಒಂದು ಸಲ ಬಂದು ಮಂಡಕ್ಕಿ ತಿಂದು ಹೋದ ಅಂತ ಸುದ್ದಿ. ಅಷ್ಟರಲ್ಲಿ ಭಾಗ್ಯದ ಬಾಗಿಲು ತೆರೆದದ್ದು ನಟನೆಯಿಂದಲ್ಲ, ದರ್ಜಿಯಿಂದ. ಒಂದು ಚಿತ್ರದ ಶೂಟಿಂಗಿನ ಕೊನೆಯ ದಿನ, ಇನ್‌ಸ್ಪೆಕ್ಟರ್ ಆಗಬೇಕಿದ್ದವನಿಗೆ ಸಮವಸ್ತ್ರ ಹಿಡಿಸಲಿಲ್ಲ. ನನಗೆ ಅಳತೆ ತೆಗೆದ ಹಾಗೆ ಕೂತಿತು. ಹೀರೋ ಎಲ್ಲರನ್ನೂ ಹೊಡೆದು ಮುಗಿಸಿದ ಮೇಲೆ ಜೀಪಿನಲ್ಲಿ ಬರುವುದು, 'ಅರೆಸ್ಟ್ ಹಿಮ್' ಅನ್ನುವುದು, ಹೀರೋನ ಕೈ ಕುಲುಕುವುದು. ಏಟಿಲ್ಲ, ಸಾವಿಲ್ಲ. ಕೊನೆಯತನಕ ನಿಂತೇ ಇರುವ ಪಾತ್ರ.

ಆ ಚಿತ್ರ ಹೊನ್ನಾಳಿಗೆ ಬಂದಾಗ ಯುಗಾದಿಗೆ ನಾಲ್ಕೇ ದಿನ ಉಳಿದಿತ್ತು. ಯಜಮಾನರು, ಅವರ ಹೆಂಡತಿ, ಮಗಳು ಮೂವರೂ ಮ್ಯಾಟಿನಿಗೆ ಬಂದರು. ನಾನು ಅವರ ಹಿಂದಿನ ಸಾಲಿನಲ್ಲಿ ಕೂತೆ. ಎರಡೂವರೆ ತಾಸು ಕಳೆಯಿತು. ಕಡೆಗೆ ಜೀಪಿನ ಸೈರನ್ ಕೇಳಿತು.

ಸೈರನ್ ಕೇಳಿದ್ದೇ ತಡ, ಟಾಕೀಸಿಗೆ ಟಾಕೀಸೇ ಎದ್ದು ನಿಂತಿತು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಪೊಲೀಸ್ ಬಂದರೆಂದರೆ ಕಥೆ ಮುಗಿಯಿತು. ಗೇಟಿನವನು ಬಾಗಿಲು ತೆಗೆಯುತ್ತಾನೆ, ಬಿಸಿಲು ಒಳಗೆ ನುಗ್ಗುತ್ತದೆ, ಜನ ಬೆಂಚಿನ ಕೆಳಗೆ ಚಪ್ಪಲಿ ಹುಡುಕುತ್ತಾರೆ. ಎಲ್ಲರಿಗಿಂತ ಮೊದಲು ಎದ್ದವರು ನಮ್ಮ ಯಜಮಾನರೇ.

"ಏಳ್ರಿ, ಏಳ್ರಿ, ಪೊಲೀಸ್ ಬಂದ್ರು. ಬಸ್ಸು ತಪ್ಪುತೈತೆ."

"ಕುಂತ್ಕಳ್ರಿ ಯಜಮಾನ್ರೇ, ಪೊಲೀಸು ನಾನೇ!" ಅಂತ ಹಿಂದಿನಿಂದ ಅವರ ಟವೆಲು ಹಿಡಿದು ಎಳೆದೆ.

"ಎಲ್ಲಿ?" ಅಂತ ತಿರುಗಿದರು. ಅಲ್ಲಿ ಬರೀ ತಲೆಗಳು. ತಲೆಗಳು ಸರಿದಾಗ ಪರದೆಯ ಮೇಲೆ 'ಶುಭಂ' ಅಂತಿತ್ತು.

"ಇದ್ರಾಗೆ ನೀವು ಇರಲೇ ಇಲ್ವಲ್ರೀ!" ಅಂದರು ಯಜಮಾನರು.

ಬಾಗಿಲಿನಲ್ಲಿ ನಿಂತದ್ದು

ಮರುದಿನವೇ ಅವರ ಮನೆಗೆ ಹೋಗಿ ಬೇಡಿಕೊಂಡೆ. "ಇದೇ ಕೊನೆ," ಅಂದರು ಯಜಮಾನರು. ಮತ್ತೆ ಮೂವರೂ ಬಂದರು. ಅದು ಆ ಚಿತ್ರದ ಕೊನೆಯ ದಿನ, ಸಂಜೆಗೆ ರೀಲಿನ ಪೆಟ್ಟಿಗೆ ಬೇರೆ ಊರಿಗೆ ಹೋಗುತ್ತಿತ್ತು. ಯಜಮಾನರಿಗೆ ನಾನು ದಾರಿಯಲ್ಲೇ ಪ್ರಮಾಣ ಮಾಡಿಸಿದ್ದೆ, ಸೈರನ್ ಕೇಳಿದರೂ ಏಳಬಾರದು ಅಂತ. ಆದರೆ ಮುಂದಿನ ಸಾಲಿನವರು ಎದ್ದರೆ ಅವರು ಕೂತು ಏನು ಪ್ರಯೋಜನ?

ಗೇಟಿನವನನ್ನು ಹಿಡಿದೆ. "ಅಣ್ಣಾ, ಇವತ್ತೊಂದಿನ ಬಾಗಿಲನ್ನ ಒಂದು ನಿಮಿಷ ತಡ ಮಾಡಿ ತೆಗಿ."

"ನನ್ನ ಕೈಲಾಗಲ್ಲಪ್ಪಾ. ಜನ ನನ್ನ ಹೂತಾಕ್ತಾರೆ. ಬೇಕಾದ್ರೆ ನೀನೇ ನಿಂತ್ಕ," ಅಂದು ಅವನು ಬೀಡಿ ಸೇದಲು ಹೋದ.

ನಾನೇ ನಿಂತೆ. ಸೈರನ್ ಆಯಿತು. ಜನ ಎದ್ದು ಬಾಗಿಲಿಗೆ ನುಗ್ಗಿದರು. ನಾನು ಅಗುಳಿ ಹಾಕಿ ಎರಡೂ ಕೈ ಚಾಚಿ ಅಡ್ಡ ನಿಂತು ಕೂಗಿದೆ: "ಕುಂತ್ಕಳ್ರಿ! ಒಂದೇ ನಿಮಿಷ! ಇನ್ನೂ ಅರೆಸ್ಟ್ ಆಗಿಲ್ಲ!"

ಮುಂದಿದ್ದ ಪೈಲವಾನನಂಥ ಆಸಾಮಿ ನನ್ನ ಮುಖ ನೋಡಿದ. ಅವನ ಕಣ್ಣು ಅಗಲವಾಯಿತು.

"ಲೇ, ಇವನು ಹಿಟ್ಟಿನ ಗಿರಣಿ ಕಳ್ಳ ಕಣ್ರಲೇ! ಬಾಗ್ಲು ಹಾಕ್ಕಂಡು ನಿಂತಾನೆ!"

"ಒಳಗೆ ಹೆಣ್ಮಕ್ಳು ಅದಾರೆ ಕಣ್ರಲೇ!" ಅಂತ ಇನ್ನೊಬ್ಬ.

ಅಷ್ಟು ವರ್ಷ ನನ್ನ ದವಡೆಗೆ ತಾಗದೆ ಹೋಗುತ್ತಿದ್ದ ಏಟು ಅವತ್ತು ಸರಿಯಾಗಿ ತಾಗಿತು. ತಿರುಗಿ ಒಂದು ಕೊಡೋಣ ಅಂತ ನನಗೆ ಹೊಳೆಯಲೇ ಇಲ್ಲ. ಮೈ ಅಭ್ಯಾಸದಂತೆ ತಾನೇ ಎರಡು ಪಲ್ಟಿ ಹೊಡೆದು, ಬೆಂಚುಗಳ ನಡುವೆ ಉರುಳಿ, ಯಜಮಾನರ ಕಾಲ ಬಳಿ ಹೋಗಿ ಬಿತ್ತು. ಬಿದ್ದ ಚೆಂದಕ್ಕೆ ಜನ ಹೊಡೆಯುವುದನ್ನು ನಿಲ್ಲಿಸಿ ಸೀಟಿ ಹಾಕಿದರು. ಅದೇ ಗಳಿಗೆಗೆ ಪರದೆಯ ಮೇಲೆ ನಾನು ಗರಿಗರಿ ಖಾಕಿಯಲ್ಲಿ ಎದೆ ಸೆಟೆಸಿ 'ಅರೆಸ್ಟ್ ಹಿಮ್' ಅನ್ನುತ್ತಿದ್ದೆ. ಯಜಮಾನರು ಕೊಟ್ಟ ಮಾತಿನಂತೆ ಏಳದೆ ಕೂತಿದ್ದರು. ಒಮ್ಮೆ ಮೇಲೆ ನಿಂತಿದ್ದ ನನ್ನನ್ನು ನೋಡಿದರು, ಒಮ್ಮೆ ಕೆಳಗೆ ಬಿದ್ದಿದ್ದ ನನ್ನನ್ನು ನೋಡಿದರು. ಯಾವುದನ್ನು ಲೆಕ್ಕಕ್ಕೆ ತಗೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ.

ಎದುರಿನ ಚಾದಂಗಡಿಯಲ್ಲಿ ಕೂತೆವು. ನನ್ನ ತುಟಿ ಊದಿತ್ತು. ಮನಸ್ಸು ಅದಕ್ಕಿಂತ ಹೆಚ್ಚು ನೊಂದಿತ್ತು. ಎಲ್ಲ ಮುಗಿಯಿತು ಅಂತ ನಾನು ತಲೆ ತಗ್ಗಿಸಿ ಕೂತಿದ್ದೆ. ಯಜಮಾನರು ಸಾಸರಿನಲ್ಲಿ ಚಹಾ ಆರಿಸುತ್ತಾ ಹೇಳಿದರು.

"ಪಿಕ್ಚರಿನಾಗೆ ನಿಂತಿದ್ದು ನೋಡ್ದೆ, ಇಲ್ಲ ಅನ್ನಲ್ಲ. ಆದ್ರೆ ಇಲ್ಲಿ ಕಣ್ಣೆದುರಿಗೇ ಬಿದ್ರಲ್ರೀ. ಇಂಥೋರಿಗೆ ಹೆಣ್ಣು ಕೊಡಾದು ಹೆಂಗೆ?"

ಅವತ್ತಿನವರೆಗೆ ನನ್ನ ಮುಂದೆ ಒಂದು ಮಾತೂ ಆಡದಿದ್ದ ಹುಡುಗಿ ಚಹಾದ ಲೋಟ ಕೆಳಗಿಟ್ಟಳು.

"ಅಪ್ಪಾ, ಹೊಡಿಯೋ ಗಂಡಸ್ರು ನಮ್ಮ ಓಣಿ ತುಂಬ ಅದಾರೆ. ಹೊಡಿಸ್ಕಂಡೂ ತಿರುಗಿ ಕೈ ಎತ್ತದೋನು ಈ ತಾಲ್ಲೂಕಿನಾಗೆ ಇವರೊಬ್ರೇ. ಬ್ಯಾಂಕಿನೋರಿಗೆ ಇದು ಬರ್ತತೋ ಇಲ್ಲೋ ಯಾರಿಗೆ ಗೊತ್ತು? ನಂಗೆ ಇವರೇ ಇರ್ಲಿ."

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಹೆಂಡತಿ ನನ್ನ ಊದಿದ ತುಟಿಯನ್ನು ನೋಡಿ ನಿಟ್ಟುಸಿರು ಬಿಟ್ಟು, "ಖರೇ ಐತೆ ಕಣವ್ವಾ. ನಮ್ಮ ಕಾಲದಾಗೆ ಇಂಥ ಗಂಡು ಹುಡುಕಿದ್ರೂ ಸಿಗ್ತಿರ್ಲಿಲ್ಲ," ಅಂದು ಗಂಡನ ಕಡೆ ತಿರುಗಿ ನೋಡಿದರು.

ಯಜಮಾನರು ಸಾಸರನ್ನು ಕೆಳಗಿಟ್ಟು ಎದ್ದವರೇ ಎಲೆ ಅಡಿಕೆ ತರಲು ಓಡಿದರು.